ತಾಮ್ರ ಹೊರುವ ಹಮಾಲ

ಇಬ್ರಾಹಿಂಪುರದ ಮಲಂಗಸಾಬ ಕಲಾಯಿ ಹಾಕಿದ ಪಾತ್ರೆಯಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಬಹುದು ಎಂದು ವಿಜಾಪುರದ ಜನ ಹೇಳುತ್ತಿದ್ದರು. ಹೇಳಲು ಮರೆತವರಿಗೆ ಅವನೇ ನೆನಪಿಸುತ್ತಿದ್ದ. ಅಂಥವನ ಎದೆ ಧಸಕ್ಕೆಂದದ್ದು ೧೯೭೬ರ ಚಳಿಗಾಲದಲ್ಲಿ. ಹದಿನಾರರ ಮಗಳು ನಜಮಾಳ ಕೈ ನಡುಗತೊಡಗಿತ್ತು. ಚೆಂದಾಗಿ ಕೌದಿ ಹೊಲಿಯುತ್ತಿದ್ದ ಹುಡುಗಿಗೆ ಸೂಜಿಗೆ ದಾರ ಪೋಣಿಸುವುದೂ ಆಗದಾಯಿತು. ಅವನು ದವಾಖಾನೆಗೆ ಕರೆದೊಯ್ದಾಗ ಡಾಕ್ಟರು ಅವಳ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು. ಕರಿಗುಡ್ಡೆಯ ಸುತ್ತ ಬಳೆಯಂಥ ಕಂದು ಗೆರೆಯಿತ್ತು.

"ಮೈಯಾಗ ತಾಮ್ರ ಕುಂತೈತಿ. ರಕ್ತ ಮುಂಬೈಗೆ ಕಳಸ್ತೀನಿ. ಹದಿನೈದು ದಿನಾ ಬಿಟ್ಟು ಬರ್ರಿ."

ಮಲಂಗಸಾಬನ ತಲೆಯಲ್ಲಿ ತಾಮ್ರ ಎಂಬ ಮಾತೊಂದೇ ಸುತ್ತತೊಡಗಿತು. ಪಾತ್ರೆಯೊಳಗಿನ ತವರದ ಕಲಾಯಿ ತೆಳುವಾದರೆ ತಾಮ್ರ ಅಡಿಗೆಗೆ ಇಳಿಯುತ್ತದೆ ಎಂಬುದು ಅವನ ಕಸುಬಿನ ಮೊದಲ ಪಾಠ. ಹಾಗಾದರೆ ಮಗಳಿಗೆ ತಾನೇ ಕೈಯಾರೆ ವಿಷ ಉಣಿಸಿದನೆ? ಊರಿನವರಿಗೂ ಉಣಿಸಿದನೆ? ಹೆಂಡತಿ ನೂರಜಹಾನಳಿಗೆ ಈ ಅಂಜಿಕೆಯ ಒಂದು ಮಾತೂ ಹೇಳದೆ, ಬೆಂಕಿ ಊದುವ ತಿದಿ, ತವರ ಹೊತ್ತು ತಿಕೋಟಾದ ಬಸ್ಸು ಹತ್ತಿದ. ಹಿಂದೆ ಕಲಾಯಿ ಹಾಕಿದ್ದ ಮನೆಮನೆಗೂ ಹೋಗಿ ಪುಕ್ಕಟೆಯಾಗಿ ಮತ್ತೆ ಹಾಕಿದ. ಅಲ್ಲಿಂದ ಬಬಲೇಶ್ವರ, ಆಮೇಲೆ ನಿಡೋಣಿ.

"ದೀಪಾವಳಿಗಿ ಹಾಕೀದಲ್ಲೋ ಮಲಂಗಣ್ಣಾ, ಇನ್ನೂ ಫಳಫಳ ಅಂತಾವ" ಎಂದಳು ನಿಡೋಣಿಯ ಲಕ್ಕವ್ವ.

"ನಿನ್ನ ಕೈ ನಡಗೂದಿಲ್ಲ ಹೌದಿಲ್ಲಬೇ?"

"ನನ್ನ ಕೈಗೇನ ಧಾಡಿ! ನಿನ್ನ ತಲಿ ನೆಟ್ಟಗೈತಿಲ್ಲ ನೋಡ್ಕೊ."

ಹಾಗೆಂದರೂ ಪುಕ್ಕಟೆ ಎಂದ ಮೇಲೆ ಬಿಡುವವಳೆ? ಅಟ್ಟದ ಮೇಲಿನ ಹಂಡೆಯನ್ನೂ ಇಳಿಸಿದಳು.

ಹದಿನೈದನೆಯ ದಿನ ಹೆಂಡತಿ, ಮಗಳನ್ನು ಕರೆದುಕೊಂಡು ಹೋದವನು ಡಾಕ್ಟರು ಬಾಯಿ ತೆರೆಯುವ ಮೊದಲೇ ತಪ್ಪೊಪ್ಪಿಕೊಂಡ. "ನನ್ನ ಕಲಾಯಿದs ತಪ್ಪರಿ ಸಾಹೇಬ್ರ. ಊರೂರು ತಿರಗಿ ಮತ್ತ ಹಾಕಿ ಬಂದೀನ್ರಿ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಎಲ್ಲಾರ ಊಟದಾಗೂ ಚೂರು ತಾಮ್ರ ಇರತೈತೋ ಮಾರಾಯಾ. ಲಿವರಿನ್ಯಾಗ ಕಣ್ಣಿಗಿ ಕಾಣದಂಥಾ ಸಣ್ಣ ಸಣ್ಣ ಖೋಲಿ ಅದಾವ. ಅಲ್ಲಿಂದ ತಾಮ್ರ ಹೊತ್ತು ಹೊರಗ ಸಾಗಿಸಾಕ ಹಮಾಲರು ಬೇಕು. ಪ್ರೋಟೀನ್ ಅಂತೀವಿ. ಇಕಿ ಮೈಯಾಗ ಆ ಹಮಾಲ ಕೆಲಸಾ ಮಾಡವಲ್ಲ, ತಾಮ್ರ ಒಳಗs ಕೂಡಾಕತ್ತೈತಿ. ಗುಳಿಗಿ ತರಿಸೀನಿ. ಜನ್ಮಪೂರ್ತಿ ನುಂಗಬೇಕು. ಕೈ ಹತೋಟಿಗೆ ಬರತೈತಿ."

"ಅಂದ್ರ ನಂದೇನೂ ತಪ್ಪಿಲ್ಲರಿ?"

"ಕಲಾಯಿದು ಇಲ್ಲ. ಇದು ಹುಟ್ಟಿನಿಂದ ಬಂದದ್ದು. ತಂದಿಯಿಂದ ಅರ್ಧಾ, ತಾಯಿಯಿಂದ ಅರ್ಧಾ."

ಅರಳುತ್ತಿದ್ದ ಮಲಂಗಸಾಬನ ಮುಖ ಮತ್ತೆ ಬಾಡಿತು. ನೂರಜಹಾನ ಅವನತ್ತ ತಿರುಗಿದಳು.

"ಕೇಳಿದ್ರಿಲ್ಲೋ? ಅರ್ಧಾ ನಂದೈತಿ. ಇಷ್ಟು ದಿನಾ ಒಬ್ಬರs ಹೊತ್ಕೊಂಡು ತಿರಗ್ಯಾಡೀರಿ, ನನಗೊಂದು ಮಾತು ಹೇಳಬಾರದಾಗಿತ್ತಾ?"

ಅವನು ಡಾಕ್ಟರ ಮುಂದೆಯೇ ಗಳಗಳ ಅತ್ತುಬಿಟ್ಟ. ನಜಮಾ ಮೊದಲ ಗುಳಿಗೆ ಬಾಯಿಗೆ ಹಾಕಿಕೊಂಡಳು. ಅವಳ ಕೈಯಲ್ಲಿ ತುಳುಕುತ್ತಿದ್ದ ನೀರಿನ ಲೋಟವನ್ನು ಅಪ್ಪ ಒಂದು ಕಡೆಯಿಂದ, ಅವ್ವ ಇನ್ನೊಂದು ಕಡೆಯಿಂದ ಹಿಡಿದರು.