ಸಂತನ ತಲೆಗೆ ಕಟ್ಟಿದ ಸಾವು

ಗಂಡ ಎಲಿಹಿಯೋನ ಹೆಣದ ಸೊಂಟಕ್ಕೆ ಕಟ್ಟಿದ್ದ ಮರದ ಕುದುರೆಯನ್ನು ಟಿಯೋಫಿಲಾ ಬಿಚ್ಚಿ ಮೂಲೆಗಿಟ್ಟಳು. ಕುಣಿತದ ಮೇಳದವರು ಮತ್ತೆ ತಂದು ಕಟ್ಟಿದರು. ಅವಳು ಮತ್ತೆ ಬಿಚ್ಚಿದಳು.

"ಏನತ್ತಿಗೆ, ಹುಡುಗಾಟವಾ?" ಎಂದ ಮೇಳದ ಯಜಮಾನ ಗೌದೆನ್ಸಿಯೋ. "ಮೂವತ್ತು ವರ್ಷ ಸಾಂತಿಯಾಗೊ ಆಗಿ ಕುಣಿದೋನು. ಕುದುರೆ ಇಲ್ದೆ ನಡ್ಕೊಂಡು ಹೋಗ್ಬೇಕಾ ಮೇಲಕ್ಕೆ?"

"ನನ್ನ ಗಂಡನಿಗೆ ಕಾಲಿದೆಯಲ್ಲ, ನಡ್ಕೊಂಡೇ ಹೋಗ್ಲಿ."

"ಊರು ಏನನ್ನತ್ತೆ?"

"ಊರು ಅಂದಿದ್ದಕ್ಕೇ ಇವರು ಹೀಗೆ ಒಣಗಿ ಸತ್ತಿದ್ದು."

ಹಿತ್ತಲಲ್ಲಿ ಹುರುಳಿಕಾಳು ಬೇಯಿಸುತ್ತಿದ್ದ ಹೆಂಗಸರು ಸೌಟು ನಿಲ್ಲಿಸಿ ಕಿವಿ ಕೊಟ್ಟರು. ಸಾವಿನ ಮನೆಯ ಜಗಳಕ್ಕಿರುವ ರುಚಿ ಮದುವೆಯೂಟಕ್ಕೂ ಇಲ್ಲ.

ನಮ್ಮ ಬೆಟ್ಟದೂರು ಅಟ್ಲಿಪಾನಿನಲ್ಲಿ ಜುಲೈ ಹಬ್ಬದ ದಿನ ಸಂತ ಸಾಂತಿಯಾಗೊ ಬಿಳಿ ಕುದುರೆಯೇರಿ ಇಗರ್ಜಿಯ ಅಂಗಳಕ್ಕೆ ಬರುತ್ತಾನೆ, ಶತ್ರುರಾಜನ ಸೈನ್ಯವನ್ನು ತರಿದು ಹಾಕುತ್ತಾನೆ. ಕುದುರೆ ಮರದ್ದು, ಮಚ್ಚು ನಿಜವಾದದ್ದು. ಸೊಂಟಕ್ಕೆ ಕುದುರೆ ಕಟ್ಟಿದ ಮೇಲೆ ಕುಣಿಯುವವನು ಸಂತನೇ. ಅವನ ಕೈ ಅವನದಲ್ಲ. ಮೆಕ್ಸಿಕೋ ನಗರದಿಂದ ಹಬ್ಬ ನೋಡಲು ಬಂದವರು ಇದಕ್ಕೆ ನಗುತ್ತಾರೆ. ನಗಲಿ, ಅವರ ಹಲ್ಲು ಅವರದು. ಎಲಿಹಿಯೋ ಮಾತ್ರ ಪಾದ್ರಿಗಿಂತ ಹೆಚ್ಚಾಗಿ ನಂಬಿದ್ದ. ದಿನಾ ಬೆಳಿಗ್ಗೆ ಕುದುರೆಗೆ ಮೆಕ್ಕೆಜೋಳ, ನೀರು ಇಡುತ್ತಿದ್ದ. ಹಬ್ಬದ ಮುಂಚಿನ ತಿಂಗಳು ಹೆಂಡತಿಯ ಚಾಪೆಯ ಕಡೆ ಸುಳಿಯುತ್ತಿರಲಿಲ್ಲ. ಉಳಿದಂತೆ ಅವನೊಬ್ಬ ಕೂಲಿಯಾಳು, ಹತ್ತು ಜನರ ನಡುವೆ ನಿಂತರೆ ಕಣ್ಣಿಗೆ ಬೀಳದ ಮನುಷ್ಯ.

*

ಎಷ್ಟೋ ವರ್ಷಗಳ ಹಿಂದಿನ ಒಂದು ಹಬ್ಬದಲ್ಲಿ ಶತ್ರುಸೈನಿಕನ ವೇಷ ಹಾಕಿದ್ದವನು ಫಿದೆನ್ಸಿಯೋ, ಎಲಿಹಿಯೋನ ಗೆಳೆಯ ನಸಾರಿಯೋನ ಒಬ್ಬನೇ ಮಗ. ಕುಣಿತದ ನಡುವೆ ಎಲಿಹಿಯೋನ ಹೆಜ್ಜೆ ತಪ್ಪಿತು.

"ಮಾವ, ನಿನ್ ಕುದುರೆಗೆ ವಯಸ್ಸಾಯ್ತು. ಮಾಂಸದಂಗಡಿಗೆ ಕಳ್ಸು!" ಎಂದ ಫಿದೆನ್ಸಿಯೋ.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಲಿಹಿಯೋ ಮಚ್ಚಿನ ಚಪ್ಪಟೆ ಬದಿಯಿಂದ ಮುಟ್ಟಿಸಬೇಕಿತ್ತು. ಕೈ ತಿರುಗಿ ಅಲಗು ಕುತ್ತಿಗೆಗೆ ಬಿತ್ತು. ಬೆಟ್ಟ ಇಳಿಸಿ ಡಾಕ್ಟರ ಹತ್ತಿರ ಒಯ್ಯುವ ದಾರಿಯಲ್ಲೇ ಹುಡುಗನ ಪ್ರಾಣ ಹೋಯಿತು.

"ನಾನು ಕೊಂದೆ," ಎಂದು ಎಲಿಹಿಯೋ ಪೊಲೀಸರ ಮುಂದೆ ಹೇಳಿದ. ಸಂತನ ಕೈ ಎಂದು ಇಡೀ ಊರು ಆಣೆ ಇಟ್ಟು ಅವನನ್ನು ಬಿಡಿಸಿತು. ಎಲಿಹಿಯೋ ನಸಾರಿಯೋನ ಕಾಲಿಗೆ ಬಿದ್ದ. ನಸಾರಿಯೋ ಎತ್ತಿ ತಬ್ಬಿಕೊಂಡ: "ನೀನೇನ್ ಮಾಡ್ದೆ, ಮಾರಾಯ? ಸಂತ ಕರ್ಕೊಂಡ."

ಪಾದ್ರಿ ಕೊಟ್ಟ ಕ್ಷಮೆ ಎಲಿಹಿಯೋಗೆ ಹತ್ತಲಿಲ್ಲ. ಕುದುರೆ ಬಿಡುತ್ತೇನೆಂದರೂ ಊರು ಬಿಡಲಿಲ್ಲ. ಕೊಂದ ಕೈಗೆ ಮುತ್ತಿಡಲು ಜನ ಸಾಲುಗಟ್ಟಿದರು. ಥೂ, ಏನು ಭಕ್ತಿಯೋ! ಆ ಕೈಯಿಂದ ತುತ್ತು ಎತ್ತುವುದನ್ನೇ ಎಲಿಹಿಯೋ ಬಿಟ್ಟ, ಎಡಗೈಯಲ್ಲಿ ತಿನ್ನುತ್ತಿದ್ದ.

ಕೊನೆಗಾಲದಲ್ಲಿ ಹೆಂಡತಿಗೆ ಹೇಳಿದ್ದ: "ಆವತ್ತು ಸಂತ ಇರ್ಲಿಲ್ಲ ಕಣೇ. ನಾನೊಬ್ನೇ ಇದ್ದೆ. ಜನ ನಕ್ರು, ಸಿಟ್ಟು ಬಂತು. ನಸಾರಿಯೋ ನನ್ನನ್ನ ಕ್ಷಮಿಸ್ಲಿ. ಹಾಗೇ ಕಳಿಸ್ಬೇಡ ನನ್ನ."

*

ಸಾವಿನ ಮನೆಗೆ ನಸಾರಿಯೋ ತನ್ನ ಹೆಂಡತಿ ಹಸಿಂತಾಳ ಜೊತೆ ಮೇಣದಬತ್ತಿ ಹಿಡಿದು ಬಂದ. ಹಸಿಂತಾ ಹೆಂಗಸರ ಕಡೆ ಹೋದಳು. ಟಿಯೋಫಿಲಾ ಅವನ ತೋಳು ಹಿಡಿದು ಬಾಗಿಲಾಚೆ ಕರೆದಳು.

"ಅಣ್ಣ, ಕ್ಷಮಿಸಿದೀನಿ ಅಂತ ಇವರ ಕಿವೀಲಿ ಒಂದ್ಸಲ ಹೇಳು."

"ಎಂಥದಕ್ಕೆ ಕ್ಷಮಿಸ್ಲಿ? ಸಂತ ಮಾಡಿದ್ದು."

"ಆವತ್ತು ಪಕ್ಕದಲ್ಲೇ ನಿಂತಿದ್ದೆ ನೀನು. ಇವರ ಮುಖ ನೋಡಿದೀಯ."

ನಸಾರಿಯೋ ಜಗಲಿಯ ಮೇಲೆ ಕುಸಿದು ಕೂತ.

"ನೋಡಿದೀನಿ. ಅದಕ್ಕೇ ಬೇಡ ಅಂತಿರೋದು. ಸಂತ ತಗೊಂಡ ಅಂದ್ರೆ ನನ್ ಮಗ ಎಲ್ಲೋ ಚೆನ್ನಾಗಿದಾನೆ. ಇವನು ತಗೊಂಡ ಅಂದ್ರೆ ಒಂದು ನಗೆಮಾತಿಗೆ ಸತ್ತ. ಅದನ್ನ ಹೊತ್ಕೊಂಡು ನಾನು ಮನೆಗೆ ಹೋಗ್ಲಾ?"

"ಇಷ್ಟು ವರ್ಷ ಇವರೊಬ್ರೇ ಹೊತ್ರಲ್ಲ," ಎಂದಳು ಟಿಯೋಫಿಲಾ.

ನಸಾರಿಯೋ ಎದ್ದು ಅಂಗಳಕ್ಕಿಳಿದ. ಒಳಗೆ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದರು. ಟಿಯೋಫಿಲಾಳ ಮುಖ ಸೋತಿತ್ತು. ಕುದುರೆಯೇನೋ ಮನೆಯಲ್ಲೇ ಉಳಿಯಿತು, ಆದರೆ ಗಂಡ ಕ್ಷಮೆಯಿಲ್ಲದೆ ಬರಿಗೈಯಲ್ಲಿ ಹೊರಟಿದ್ದ.

ಪೆಟ್ಟಿಗೆ ಹೆಗಲೇರಿತು, ಬ್ಯಾಂಡು ಶುರುವಾಯಿತು. ಇಗರ್ಜಿಯ ತಿರುವಿನಲ್ಲಿ ನಸಾರಿಯೋ ಜನರನ್ನು ತಳ್ಳಿಕೊಂಡು ಮುಂದೆ ಬಂದು ಹೊತ್ತವರಿಗೆ ಅಡ್ಡ ನಿಂತ.

"ಎಲಿಹಿಯೋ," ಎಂದ, ಊರಿಗೆಲ್ಲ ಕೇಳುವಂತೆ. "ನನ್ನ ಮಗನ್ನ ಕೊಂದಿದ್ದು ನೀನು. ಸಂತ ಅಲ್ಲಿರ್ಲೇ ಇಲ್ಲ." ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಕ್ಷಮಿಸಿದೀನಿ. ಹೋಗು."

"ಬಾಯಿ ಮುಚ್ಚೋ ಪಾಪಿ!" ಎಂದು ಗೌದೆನ್ಸಿಯೋ ಚೀರಿದ.

ಅಷ್ಟರಲ್ಲಿ ಹಿಂದಿನಿಂದ ಒಂದು ಕೂಗು ಕೇಳಿತು. ಸಂತ ಆರಿಸಿಕೊಂಡವನಿಗಾಗಿ ಅಳಬಾರದೆಂದು ಊರು ಹೇಳಿತ್ತು, ಹಸಿಂತಾ ಕೇಳಿದ್ದಳು. ಮಗನನ್ನು ಮಣ್ಣು ಮಾಡಿದ ದಿನ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಈಗ ಕಲ್ಲುದಾರಿಯ ಮೇಲೆ ಬಿದ್ದು ಎದೆ ಬಡಿದುಕೊಳ್ಳುತ್ತಿದ್ದಳು. "ಅಯ್ಯೋ ಫಿದೆನ್ಸಿಯೋ, ನನ್ ಕಂದಾ, ಸತ್ತೇಹೋದೆಯಲ್ಲೋ!"

ಬ್ಯಾಂಡಿನವರು ಕಹಳೆ ಕೆಳಗಿಳಿಸಿದರು. ಟಿಯೋಫಿಲಾ ಪೆಟ್ಟಿಗೆಯನ್ನು ಬಿಟ್ಟು ಓಡಿ ಬಂದು ಅವಳ ತಲೆಯನ್ನು ತೊಡೆಗೆ ಎಳೆದುಕೊಂಡಳು. ಹೊತ್ತವರು ನಡುದಾರಿಯಲ್ಲಿ ಪೆಟ್ಟಿಗೆಯನ್ನು ಇಳಿಸುವ ಹಾಗಿರಲಿಲ್ಲ, ಆ ಇಬ್ಬರು ಹೆಂಗಸರನ್ನು ಹಿಂದೆ ಬಿಟ್ಟು ಹೋಗುವ ಹಾಗೂ ಇರಲಿಲ್ಲ. ಹೆಗಲು ಬದಲಿಸುತ್ತ ಬಿಸಿಲಲ್ಲಿ ನಿಂತೇ ಇದ್ದರು.