ಕಾಲುಚೀಲದ ಮಣಿಗಳು

"ಇಣುಕಬೇಡ ಕಣೇ, ಕಣ್ಣು ಮುಚ್ಚಿ ತೆಗಿ!" ಎಂದರು ಮಿಸ್ ಇಬ್ತಿಹಾಲ್.

ಫಿದ್ದಾ ಎರಡು ಕಾಲುಚೀಲಗಳಿಂದ ಒಂದೊಂದು ಮಣಿ ತೆಗೆದಳು. ಅಪ್ಪ-ಅಮ್ಮನ ಗುಣ ಮಕ್ಕಳಿಗೆ ಹೇಗೆ ಬರುತ್ತದೆ ಎಂಬ ಪಾಠ; ಒಂದು ಚೀಲ ಅಪ್ಪ, ಇನ್ನೊಂದು ಅಮ್ಮ. ಪ್ರತಿಯೊಂದರಲ್ಲೂ ಒಂದು ಬಿಳಿ, ಒಂದು ಕಪ್ಪು. ಎರಡೂ ಕಪ್ಪು ಬಂದರೆ ಮಗು ಕಿವುಡು. ಯಾರ ಮಗು ಎಂದು ಮಿಸ್ ಕೇಳಿದ್ದೇ ತಡ, ಅತ್ತೆಯ ಮಗಳು ಜವಾಹಿರ್ ಎದ್ದು, "ನಮ್ಮಣ್ಣ ನವ್ವಾಫಂದು, ಇವಳಕ್ಕ ಥುರಯ್ಯಾಳದು! ಬರೋ ತಿಂಗಳೇ ಮದುವೆ!" ಎಂದು ಕೂಗಿದ್ದಳು. ದೂರದ ನಗರ ಅಮ್ಮಾನ್‌ನಿಂದ ಬಂದ ಮಿಸ್‌ಗೆ ತಮಾಷೆ ಎನಿಸಿತು. ನವ್ವಾಫನ ತಮ್ಮ ಹುಟ್ಟು ಕಿವುಡ ಎಂಬುದು ಆಕೆಗೆ ಗೊತ್ತಿರಲಿಲ್ಲ, ಕೇಳುವ ಗೋಜಿಗೂ ಹೋಗಲಿಲ್ಲ.

ಎರಡೂ ಕಪ್ಪು. ಮಣಿಗಳನ್ನು ವಾಪಸು ಹಾಕಿ ತೆಗೆದರೆ ಮತ್ತೆ ಕಪ್ಪು. ಮೂರನೆಯ ಸಲವೂ ಅದೇ! ಹುಡುಗಿಯರು ಮೂಗರಂತೆ ಕೈಯಾಡಿಸಿ, 'ಬಾ ಬಾ' ಎಂದು ಅಣಕಿಸಿ ಬಿದ್ದು ಬಿದ್ದು ನಕ್ಕರು. ಫಿದ್ದಾಳೂ ನಕ್ಕಳು.

"ಇದು ಬರೀ ಆಟ ಕಣ್ರೇ," ಎಂದು ಮಿಸ್ ಶುರುಮಾಡುವಷ್ಟರಲ್ಲಿ ಗಂಟೆ ಹೊಡೆಯಿತು.

ಆಟವಂತೆ ಆಟ! ನೀರಿನ ಸರದಿಯಾಗಲಿ, ಹೊಲದ ಪಾಲಾಗಲಿ, ಫಿದ್ದಾಳ ಮನೆತನದಲ್ಲಿ ಚೀಟಿ ಎತ್ತಿಯೇ ತೀರ್ಮಾನ. ಎತ್ತುವ ಕೈ ಕಪಟವರಿಯದ ಮಗುವಿನದು, ಬಂದದ್ದು ದೇವರ ಮಾತು.

ಸಂಜೆಯ ನಮಾಜಿಗೆ ಮುಂಚೆಯೇ ಅತ್ತೆ ಬಂದಳು. ಕಾಫಿ ಮುಟ್ಟಲಿಲ್ಲ.

"ಮೂರು ಸಲವಂತೆ ಅಣ್ಣಾ! ಒಬ್ಬ ಮೂಗನ್ನ ಸಾಕೋದ್ರಲ್ಲೇ ನನ್ನ ಜೀವ ಹಣ್ಣಾಗಿದೆ. ಇನ್ನು ಮೂವರನ್ನ ಯಾರು ಸಾಕ್ತಾರೆ?"

"ಅತ್ತೆ, ಅದು ಸ್ಕೂಲಿನ ಆಟ..." ಎಂದಳು ಫಿದ್ದಾ.

"ತೆಗೆದವಳು ನೀನೇ ತಾನೇ? ಯಾರಾದ್ರೂ ಕೈ ಹಿಡಿದು ತೆಗೆಸಿದ್ರಾ?"

"ಇಲ್ಲ."

"ಮತ್ತೆ?"

ನವ್ವಾಫನೆಂದರೆ ಜೀವ ಬಿಡುತ್ತಿದ್ದ ಥುರಯ್ಯಾ ಬೆರಳನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಳು. ಅತ್ತೆ ಮುಷ್ಟಿ ಬಿಡಿಸಿ ಎಳೆದರೂ ನಿಶ್ಚಿತಾರ್ಥದ ಉಂಗುರ ಬರಲಿಲ್ಲ.

"ಹೋಗೇ, ಸೋಪು ತಾ," ಎಂದಳು ಫಿದ್ದಾಳಿಗೆ.

ಫಿದ್ದಾ ತಂದುಕೊಟ್ಟಳು. ಅತ್ತೆ ಬೆರಳು ಕೆಂಪಾಗುವವರೆಗೆ ತಿರುಚಿ ಉಂಗುರ ಕಿತ್ತಳು, ತೋಳಿಗೆ ಒರೆಸಿಕೊಂಡು ಹೊರಟಳು.

"ಮಣಿ ಯಾವ ಕೈಯಲ್ಲಿ ತೆಗೆದೆ?" ಎಂದು ಥುರಯ್ಯಾ ಕೇಳಿದಳು.

"ಬಲಗೈಲಿ ಅಕ್ಕಾ."

ಊಟಕ್ಕೆ ಕೂತಾಗ ಫಿದ್ದಾ ರೊಟ್ಟಿ ಹರಿದು ಅಕ್ಕನ ಮುಂದೆ ಹಿಡಿದಳು. ಥುರಯ್ಯಾ ಅದನ್ನು ಬಿಟ್ಟು ಬುಟ್ಟಿಯಿಂದ ಬೇರೆ ತೆಗೆದುಕೊಂಡಳು. ಅಮ್ಮನ ಮುಂದೆ ಹಿಡಿದಾಗ ಅವಳೂ ಹಾಗೆಯೇ ಮಾಡಿದಳು.

ಫಿದ್ದಾ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಎಡಗೈಯಲ್ಲಿ ತಿನ್ನತೊಡಗಿದಳು. ಯಾರೂ ಬೈಯಲಿಲ್ಲ.