ತಾತನ ಕೂಸಿನ ಕಣ್ಣು

ಭೂಮಿಯ ಸುತ್ತ ಸುತ್ತುತ್ತಿದ್ದ ಆ ದೂರದರ್ಶಕದ ಗಾಮಾ ಕಿರಣ ಶೋಧಕವನ್ನು ಕಟ್ಟಿದವರು, ಕಚೇರಿಯವರೆಲ್ಲ ತಾತ ಎಂದು ಕರೆಯುತ್ತಿದ್ದ ಹಿರಿಯ ಎಂಜಿನಿಯರು. ಅವರು ಅದನ್ನು ಯಂತ್ರ ಎಂದವರೇ ಅಲ್ಲ, 'ನನ್ನ ಕೂಸು' ಎನ್ನುತ್ತಿದ್ದರು. ಹೋದ ವಾರ ಆ ಕೂಸು ಕುರುಡಾಯಿತಂತೆ. ಎಲ್ಲೋ ನಕ್ಷತ್ರವೊಂದು ಸಿಡಿದು ಹೊಮ್ಮಿದ ಗಾಮಾ ಸ್ಫೋಟವನ್ನು ಉಳಿದ ಉಪಗ್ರಹಗಳೆಲ್ಲ ಕಂಡವು; ಇದೊಂದು ಮಾತ್ರ ತುಟಿಪಿಟಕ್ಕೆನ್ನಲಿಲ್ಲ.

ಕುರುಡಂತೆ, ಕುರುಡು! ಅದರ ಕಣ್ಣಿಗೆ ಬಟ್ಟೆ ಕಟ್ಟಿದವಳು ತಾತನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಳು. ತಾತನೇ ಕೆಲಸ ಕಲಿಸಿದ ಹುಡುಗಿ, ಎಲ್ಲರ ಬಾಯಲ್ಲಿ ಚಿನ್ನು. ಅವತ್ತು ಮನೆಯಿಂದಲೇ ಅವಳ ಪಾಳಿ. ಶೋಧಕದಿಂದ ಸುಳ್ಳು ಎಚ್ಚರಿಕೆಗಳು ಒಂದರ ಹಿಂದೊಂದು ಬಂದು ಫೋನು ಬಡಕೊಳ್ಳುತ್ತಿತ್ತು. ಜ್ವರದಲ್ಲಿ ನರಳಿದ್ದ ಅವಳ ಮಗು ಆಗಷ್ಟೇ ನಿದ್ದೆಗೆ ಜಾರಿತ್ತು. 'ಥೂ, ಇದರ ಬಾಯಿ ಮುಚ್ಚಿಸ್ತೀನಿ' ಎಂದು, ಕಿರಣ ಎಷ್ಟು ಜೋರಾಗಿ ಬಂದರೆ ಕೂಗಬೇಕೆಂಬ ಮಿತಿಯನ್ನೇ ಏರಿಸಿಬಿಟ್ಟಳು. ಸ್ಫೋಟ ಆ ಮಿತಿಯ ಕೆಳಗೇ ನುಸುಳಿ ಹೋಯಿತು. ವಿಷಯ ತಿಳಿದೊಡನೆ ಮಿತಿಯನ್ನು ಮೆಲ್ಲಗೆ ಮೊದಲಿನ ಜಾಗಕ್ಕೆ ಇಳಿಸಿ, ಬಾಯಿಗೆ ಬೀಗ ಹಾಕಿಕೊಂಡಳು.

ಪಾಪ, ತಾತ ವಾರವಿಡೀ ಹಳೆಯ ಲೆಕ್ಕಗಳನ್ನೆಲ್ಲ ಕೆದಕಿದರು. ಕಿರಣ ಹಿಡಿಯುವ ಹರಳು ಬಿರುಕು ಬಿಟ್ಟಿತೋ, ಬೆಸುಗೆ ಸಡಿಲವಾಯಿತೋ. "ನನ್ನ ಕೈಯೇ ಎಲ್ಲೋ ತಪ್ಪಿದೆ ಕಣಮ್ಮ" ಎನ್ನುತ್ತ, ಮಧ್ಯಾಹ್ನ ತಮ್ಮ ಊಟದಲ್ಲಿ ಅರ್ಧ ಅವಳ ಡಬ್ಬಿಗೆ ಹಾಕುತ್ತಿದ್ದರು. "ಮಗು ಹೇಗಿದೆ? ಸೊರಗಿದ್ದೀಯ, ತಿನ್ನು." ಅವಳು ತಲೆ ತಗ್ಗಿಸಿ ತಿನ್ನುತ್ತಿದ್ದಳು. ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಆ ಮುಖ ನೋಡಲಾಗದು. ಛೀ ನನ್ನ ಜನ್ಮವೇ ಎಂದುಕೊಳ್ಳುತ್ತಲೇ ದಿನ ದೂಡಿದಳು.

ಕೊನೆಗೆ ನಿರ್ದೇಶಕರು ಬಂದರು. "ಸಾಕು ತಾತ. ನಾಳೆ ಅದನ್ನ ಆರಿಸಿಬಿಡೋಣ. ಅದರ ವಿದ್ಯುತ್ತು ಬೇರೆಯದಕ್ಕಾದ್ರೂ ಆಗುತ್ತೆ."

ತಾತ ಸುಮ್ಮನೆ ತಲೆಯಾಡಿಸಿ, ಸಹಿ ಹಾಕಲು ಕನ್ನಡಕ ಹುಡುಕತೊಡಗಿದರು. ಅದು ಹಣೆಯ ಮೇಲೇ ಇತ್ತು.

"ಬೇಡ ಸರ್!" ಚಿನ್ನು ಎದ್ದು ನಿಂತಳು. "ಅದು ಚೆನ್ನಾಗೇ ಇದೆ. ಅವತ್ತು ಮಿತಿ ಏರಿಸಿದ್ದು ನಾನು. ಮಗು ಮಲಗಿತ್ತು, ಫೋನು ನಿಲ್ತಾನೇ ಇರ್ಲಿಲ್ಲ..."

ನಿರ್ದೇಶಕರ ಮುಖ ಕೆಂಪಾಯಿತು. ತಾತನಿಗೆ ಅದರ ಪರಿವೆಯೇ ಇಲ್ಲ. "ಹಾಗಾದ್ರೆ ಅದು ಕೂಗದಿದ್ರೂ, ಕಂಡಿದ್ದು ಅದರ ನೆನಪಲ್ಲಿ ಇನ್ನೂ ಇರುತ್ತಲ್ವೇ? ತರಿಸು, ಬೇಗ ತರಿಸು!"

ಸಂಜೆಯ ಹೊತ್ತಿಗೆ ಮಾಹಿತಿ ಇಳಿದು ಬಂತು. ಪರದೆಯ ಮೇಲೆ ಸಪಾಟು ಗೆರೆ, ಇದ್ದಕ್ಕಿದ್ದಂತೆ ನೆಟ್ಟಗೆ ಎದ್ದ ಶಿಖರ, ಆಮೇಲೆ ನಿಧಾನ ಇಳಿಜಾರು. ಅಳೆದು ನೋಡಿದರೆ ಹೊತ್ತೂ ಸರಿ, ತೀವ್ರತೆಯೂ ಸರಿ, ಉಳಿದ ಉಪಗ್ರಹಗಳು ಹೇಳಿದ್ದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಕಂಡಿದೆ ಕಣ್ರೋ! ನನ್ನ ಕೂಸು ಕಂಡಿದೆ!" ತಾತ ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಚಿನ್ನು ಅಳುತ್ತಲೇ ನಕ್ಕಳು. ಬಚಾವಾದೆ ಎಂದೂ ಒಂದು ಗಳಿಗೆ ಅನ್ನಿಸಿತು.

ಎಲ್ಲರೂ ಹೋದ ಮೇಲೆ ತಾತ ಕನ್ನಡಕ ಒರೆಸಿಕೊಂಡರು. "ಮಗು, ಜ್ವರ, ಅದೆಲ್ಲ ಅರ್ಥ ಆಗುತ್ತೆ ಬಿಡು. ಆದ್ರೆ ಒಂದು ವಾರ ನನ್ನ ಪಕ್ಕ ಕೂತು ಊಟ ಮಾಡಿದ್ಯಲ್ಲಮ್ಮ."

ಮರುದಿನ ಮಧ್ಯಾಹ್ನ ತಾತ ತಮ್ಮ ಡಬ್ಬಿ ಹಿಡಿದುಕೊಂಡು ಬೇರೆ ಮೇಜಿಗೆ ಹೋದರು.